ನಿಮ್ಮ ಬ್ಯಾಗ್ ಎಕ್ಸ್‌ರೇ ಪರದೆಯ ಮೇಲೆ ಹೇಗೆ ಕಾಣುತ್ತದೆ: ವಿಮಾನ ನಿಲ್ದಾಣದ ತಪಾಸಣೆಗೆ ತಯಾರಿ

ಬೆಂಗಳೂರು, ಮಂಗಳೂರು ವಿಮಾನ ನಿಲ್ದಾಣಗಳಲ್ಲಿ ಹೊರಬಾಗಿಲಲ್ಲಿ ಟಿಕೆಟ್ ನೋಡುವವರು, ಒಳಗೆ ಮೈ ತಡವಿ ನೋಡುವವರು ಸಿಐಎಸ್‌ಎಫ್ (ಕೇಂದ್ರ ಕೈಗಾರಿಕಾ ಭದ್ರತಾ ಪಡೆ) ಸಿಬ್ಬಂದಿ. 1999ರ ಕಂದಹಾರ್ ವಿಮಾನ ಅಪಹರಣದ ನಂತರ, 2000ದಲ್ಲಿ ಜೈಪುರದಿಂದ ಶುರುವಾಗಿ ಒಂದೊಂದೇ ನಿಲ್ದಾಣದ ಭದ್ರತೆ ಈ ಪಡೆಗೆ ಬಂತು. ಆದರೆ ಯಾವುದನ್ನು ಬಿಡಬೇಕು, ಯಾವುದನ್ನು ತಡೆಯಬೇಕು ಎಂಬ ಪಟ್ಟಿ ಮಾಡುವುದು ಬಿಸಿಎಎಸ್ (ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ) ಎಂಬ ಕೇಂದ್ರ ಸಂಸ್ಥೆ. ‘ಇದೊಂದು ಬಿಟ್ಬಿಡಿ ಸಾರ್’ ಎಂದು ಗೋಗರೆದರೂ ಎದುರಿಗಿರುವವರು ಬಿಡಲಾರರು. ಪಟ್ಟಿ ಬದಲಿಸುವ ಅಧಿಕಾರ ಅವರಿಗಿಲ್ಲ.

ಪರದೆಯ ಮುಂದೆ ಕೂತವರಿಗೆ ಕಾಣುವುದು ಬಣ್ಣ ಮತ್ತು ಆಕಾರ. ತಿಂಡಿ, ಬಟ್ಟೆ, ಕಾಗದ, ಸೋಪು ಕಿತ್ತಳೆ ಬಣ್ಣದಲ್ಲಿ ಬರುತ್ತವೆ. ಬಹುತೇಕ ಸ್ಫೋಟಕಗಳೂ ಅದೇ ಬಣ್ಣ. ಗಾಜು, ಅಲ್ಯೂಮಿನಿಯಂನಂಥವು ಹಸಿರು. ಉಕ್ಕು, ತಾಮ್ರ ನೀಲಿ. ಕಿರಣ ಹಾಯದಷ್ಟು ದಪ್ಪಗಿದ್ದರೆ ಬರೀ ಕಪ್ಪು. ಈಗ ಒಂದು ಕೆಜಿ ಮೈಸೂರು ಪಾಕ್ ಡಬ್ಬಿಯನ್ನು ನೆನೆಸಿಕೊಳ್ಳಿ: ಪರದೆಯಲ್ಲಿ ಅದು ಗಟ್ಟಿಯಾದ ಕಿತ್ತಳೆ ಇಟ್ಟಿಗೆ. ಅದರ ಮೇಲೆ ಚಾರ್ಜರ್ ವೈರಿನ ಸುರುಳಿ, ಪಕ್ಕದಲ್ಲೊಂದು ಪವರ್ ಬ್ಯಾಂಕ್ ಇದ್ದರೆ, ಯಾವ ಚಿತ್ರ ಕಂಡರೆ ಬ್ಯಾಗ್ ಸಾಗುವ ಬೆಲ್ಟ್ ನಿಲ್ಲಿಸಬೇಕೆಂದು ಅವರಿಗೆ ತರಬೇತಿ ಕೊಟ್ಟಿರುತ್ತಾರೋ ಅದೇ ಚಿತ್ರ ಮೂಡುತ್ತದೆ. ಎಷ್ಟೋ ಬ್ಯಾಗ್‌ಗಳು ಪಕ್ಕದ ಸಾಲಿಗೆ ಹೋಗುವುದು ಒಳಗೆ ನಿಷಿದ್ಧ ವಸ್ತು ಇದ್ದು ಅಲ್ಲ, ಒಂದರ ಮೇಲೊಂದು ಬಿದ್ದು ಚಿತ್ರ ಕಲಸಿಹೋಗಿ.

ಕಣ್ಣು ಸೋಲದಿರಲೆಂದು ಪರದೆ ನೋಡುವವರನ್ನು ಸುಮಾರು 20 ನಿಮಿಷಕ್ಕೊಮ್ಮೆ ಬದಲಿಸುತ್ತಾರೆ. ಅವರು ಎಚ್ಚರವಾಗಿದ್ದಾರೆಯೇ ಎಂದು ನೋಡಲು ಯಂತ್ರವೇ ಆಗಾಗ ಸುಳ್ಳು ಆಯುಧದ ಚಿತ್ರ ತೋರಿಸುವ ಏರ್ಪಾಡೂ ಇದೆ. ಬೆಲ್ಟ್ ನಿಂತಾಗಲೆಲ್ಲ ನಿಮ್ಮ ಬ್ಯಾಗಿನಿಂದಲೇ ಎಂದುಕೊಳ್ಳಬೇಡಿ.

ಹಾಗಾಗಿ ಬ್ಯಾಗ್ ತುಂಬುವಾಗಲೇ ಬಿಡಿಸಿಡಿ. ತಿಂಡಿ ಡಬ್ಬಿ ಒಂದು ಬದಿಗೆ, ವೈರು-ಚಾರ್ಜರುಗಳು ಒಂದು ಚಿಕ್ಕ ಪೌಚ್‌ಗೆ, ಲ್ಯಾಪ್‌ಟಾಪ್ ಎಲ್ಲಕ್ಕಿಂತ ಮೇಲೆ. ಸಾಲಿನಲ್ಲಿ ನಿಂತಾಗಲೇ ಸೊಂಟದ ಬೆಲ್ಟ್, ವಾಚ್, ಚಿಲ್ಲರೆ, ಫೋನ್ ಬಿಚ್ಚಿ ಕೈಚೀಲದೊಳಗೆ ಹಾಕಿ. ಟ್ರೇಗೆ ಲ್ಯಾಪ್‌ಟಾಪ್ ಮತ್ತು ಪವರ್ ಬ್ಯಾಂಕ್ ಬಿಡಿಯಾಗಿ ಇಡಿ, ಮೇಲೆ ಜಾಕೆಟ್ ಹೊದಿಸಬೇಡಿ.

ಪವರ್ ಬ್ಯಾಂಕ್ ಚೆಕ್-ಇನ್ ಲಗೇಜಿಗೆ ಹೋಗುವಂತೆಯೇ ಇಲ್ಲ. ವಿಮಾನದ ಹೊಟ್ಟೆಯಲ್ಲಿರುವ ಲಗೇಜಿನೊಳಗೆ ಲಿಥಿಯಂ ಬ್ಯಾಟರಿಗೆ ಬೆಂಕಿ ಹೊತ್ತಿಕೊಂಡರೆ ಯಾರ ಕೈಗೂ ಎಟುಕದು. ಕೈಚೀಲದಲ್ಲಿ 100 ವ್ಯಾಟ್-ಅವರ್‌ವರೆಗೆ ಸರಿ; 100ರಿಂದ 160ರವರೆಗೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಲೆಕ್ಕ ಸುಲಭ: ಪವರ್ ಬ್ಯಾಂಕಿನ ಮೇಲೆ ಬರೆದಿರುವ ಎಂಎಎಚ್ (mAh) ಸಂಖ್ಯೆಯನ್ನು 3.7ರಿಂದ ಗುಣಿಸಿ 1000ದಿಂದ ಭಾಗಿಸಿ. 20,000 ಎಂಎಎಚ್ ಎಂದರೆ 74 ವ್ಯಾಟ್-ಅವರ್. ಮೇಲಿನ ಅಕ್ಷರ ಅಳಿಸಿಹೋದದ್ದನ್ನು ಒಯ್ಯಬೇಡಿ, ಸಾಮರ್ಥ್ಯ ಓದಲಾಗದಿದ್ದರೆ ತಡೆಯುತ್ತಾರೆ.

ನಮ್ಮ ಕಡೆಯವರು ಹೆಚ್ಚಾಗಿ ಎಡವುವುದು ಮನೆಯ ಸಾಮಾನುಗಳಲ್ಲೇ. ಅಜ್ಜಿಯ ಎಲೆ-ಅಡಿಕೆ ಚೀಲದ ತಳದಲ್ಲಿರುವ ಅಡಕತ್ತರಿ ಪರದೆಯ ಮೇಲೆ ಅಚ್ಚ ನೀಲಿಯಾಗಿ ಕಾಣುತ್ತದೆ. ಅದನ್ನು ದೊಡ್ಡ ಲಗೇಜಿಗೆ ಹಾಕಿ. ಕೈಚೀಲದಲ್ಲಿ ಇಡೀ ತೆಂಗಿನಕಾಯಿಗೆ ಅವಕಾಶವಿಲ್ಲ. ಶಬರಿಮಲೆಯ ಇರುಮುಡಿಗೆಂದು 2024ರ ಅಕ್ಟೋಬರಿನಲ್ಲಿ ವಿನಾಯಿತಿ ಕೊಟ್ಟದ್ದೂ 2025ರ ಜನವರಿ 20ರವರೆಗೆ ಎಂಬ ಗಡುವಿನೊಂದಿಗೆ, ಆದ್ದರಿಂದ ಮಾಲೆ ಹಾಕಿದವರು ಪ್ರತಿ ವರ್ಷ ಆ ಸಾಲಿನ ಆದೇಶ ಕೇಳಿಯೇ ಹೊರಡಿ. ತಿಪಟೂರಿನ ಕೊಬ್ಬರಿ ಎರಡೂ ಕಡೆ ಬೇಡ: ಅದರ ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದಾದ ಸರಕು ಎಂದೇ ಅದನ್ನು ವರ್ಗೀಕರಿಸಿದ್ದಾರೆ. ಕೊಡಗಿನವರಂತೂ, ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಒಯ್ದಿದ್ದ ಚೀಲವನ್ನು ಪ್ರಯಾಣಕ್ಕೆ ತೆಗೆದುಕೊಳ್ಳಲೇಬೇಡಿ. ಮೂಲೆಯಲ್ಲಿ ಒಂದೇ ಒಂದು ತೋಟಾ ಉಳಿದಿದ್ದರೂ ವಿಷಯ ಪೊಲೀಸರಿಗೆ ಹೋಗುತ್ತದೆ. ಕೊಡವರಿಗಿರುವ ಕೋವಿ ಲೈಸೆನ್ಸ್ ವಿನಾಯಿತಿ ಕೈಚೀಲದಲ್ಲಿ ತೋಟಾ ಒಯ್ಯಲು ಪರವಾನಗಿ ಅಲ್ಲ.

ಮೈ ತಪಾಸಣೆ ನಮ್ಮ ದೇಶದಲ್ಲಿ, ಲೋಹ ಪತ್ತೆಹಚ್ಚುವ ಚೌಕಟ್ಟು ಸದ್ದು ಮಾಡಲಿ ಬಿಡಲಿ, ಎಲ್ಲರಿಗೂ ಇದೆ. ಹೆಂಗಸರನ್ನು ಹೆಂಗಸರೇ ಪರದೆಯ ಮರೆಯಲ್ಲಿ ನೋಡುತ್ತಾರೆ. ಮಂಡಿಚಿಪ್ಪು ಬದಲಿಸಿದ್ದರೆ, ಕಾಲಿಗೆ ರಾಡ್ ಹಾಕಿಸಿದ್ದರೆ ಸದ್ದಾಗುವ ಮೊದಲೇ ಹೇಳಿ. ಪೇಸ್‌ಮೇಕರ್ ಇದ್ದವರು ವೈದ್ಯರ ಕಾರ್ಡ್ ತೋರಿಸಿ, ಕೈಯಿಂದಲೇ ತಪಾಸಣೆ ಮಾಡಿ ಎಂದು ಕೇಳಬೇಕು.

ಬ್ಯಾಗ್ ಪಕ್ಕಕ್ಕೆ ಹೋದರೆ ನೀವೇ ಕೈಹಾಕಿ ಎಳೆಯಬೇಡಿ. ‘ನಂದು’ ಎಂದು ಹೇಳಿ ನಿಲ್ಲಿ, ಒಳಗೇನಿದೆ ಎಂದು ನೇರವಾಗಿ ಹೇಳಿ. ಕೆಲವೊಮ್ಮೆ ಚಿಕ್ಕ ಬಟ್ಟೆಪಟ್ಟಿಯಿಂದ ಬ್ಯಾಗ್ ಒರೆಸಿ ಯಂತ್ರಕ್ಕೆ ಕೊಡುತ್ತಾರೆ; ಅದು ಸ್ಫೋಟಕದ ಕಣ ಹುಡುಕುವ ಯಂತ್ರ. ಗ್ಲಿಸರಿನ್ ಇರುವ ಕ್ರೀಮಿಗೂ, ನೈಟ್ರೇಟ್ ಗೊಬ್ಬರದ ಧೂಳಿಗೂ ಅದು ಎಚ್ಚರಿಕೆ ಕೊಡಬಹುದು. ತೋಟದಿಂದ ನೇರವಾಗಿ ಬಂದಿದ್ದರೆ ಹಾಗೆಂದು ಹೇಳಿ.

ಹೊರದೇಶಕ್ಕೆ ಹೊರಟಿದ್ದರೆ, ಕೈಚೀಲದ ದ್ರವದ ಬಾಟಲಿ 100 ಎಂಎಲ್ ಮೀರಬಾರದೆಂಬ ನಿಯಮವೂ ಸೇರಿಕೊಳ್ಳುತ್ತದೆ. ಲೆಕ್ಕಕ್ಕೆ ಬರುವುದು ಬಾಟಲಿಯ ಅಳತೆ: 200 ಎಂಎಲ್ ಬಾಟಲಿಯಲ್ಲಿ ಕಾಲುಭಾಗ ಎಣ್ಣೆಯಿದ್ದರೂ ಹೋಯಿತು. ತುಪ್ಪ, ಗೊಜ್ಜು, ಉಪ್ಪಿನಕಾಯಿಯೂ ದ್ರವದ ಲೆಕ್ಕವೇ. ಅಮೆರಿಕಕ್ಕಾದರೆ 350 ಎಂಎಲ್ ಅಳತೆ ಮೀರಿದ ಪುಡಿಗೆ ಹೆಚ್ಚಿನ ತಪಾಸಣೆ ಇದೆ. ಹುಳಿಪುಡಿ, ಚಟ್ನಿಪುಡಿ ದೊಡ್ಡ ಲಗೇಜಿಗೇ ಹಾಕಿ. ಮಗುವಿನ ಹಾಲು, ವೈದ್ಯರ ಚೀಟಿ ಸಮೇತ ಇನ್ಸುಲಿನ್‌ಗೆ ತಡೆಯಿಲ್ಲ, ಹೊರತೆಗೆದು ತೋರಿಸಬೇಕಷ್ಟೆ.

ಬಿಡದ ವಸ್ತು ಸಿಕ್ಕರೆ ಇರುವ ದಾರಿ ಎರಡೇ: ಹಿಂದೆ ಹೋಗಿ ಲಗೇಜಿಗೆ ಹಾಕುವುದು, ಇಲ್ಲವೇ ಅಲ್ಲೇ ಬಿಡುವುದು. ದೇಶದೊಳಗಿನ ವಿಮಾನಕ್ಕೆ ಚೆಕ್-ಇನ್ ಕೌಂಟರ್ ಸಾಮಾನ್ಯವಾಗಿ 60 ನಿಮಿಷ ಮೊದಲೇ ಮುಚ್ಚುವುದರಿಂದ, ಎರಡು ಗಂಟೆ ಮೊದಲು ಬಂದವರಿಗಷ್ಟೇ ಮೊದಲನೆಯ ದಾರಿ ತೆರೆದಿರುತ್ತದೆ.