ಹ್ಯಾರೋಗೆ ಬಂದಿಳಿದವರಿಗೆ

ಲಂಡನ್ನಿನಲ್ಲಿ ಕೆಲಸ ಸಿಕ್ಕಿದೆ, ಮನೆ ಎಲ್ಲಿ ಮಾಡೋಣ ಎಂದು ಊರಿಂದ ಯಾರೇ ಫೋನ್ ಮಾಡಿದರೂ ನಾನು ಮೊದಲು ಹೇಳುವ ಹೆಸರು ಹ್ಯಾರೋ. ನಗರದ ವಾಯವ್ಯ ಅಂಚಿನಲ್ಲಿರುವ ಈ ಬಡಾವಣೆಯಲ್ಲೇ ನನ್ನ ಮಕ್ಕಳು ಬೆಳೆದರು. ಇಲ್ಲಿ ಕನ್ನಡದವರು ಬೀದಿಗೊಬ್ಬರು ಸಿಗುವುದಿಲ್ಲ. ಆದರೆ ನಮಗಿಂತ ಮುಂಚೆ ಬಂದವರು ನಮಗೆ ಬೇಕಾದದ್ದನ್ನೆಲ್ಲ ಇಲ್ಲಿ ಮಾಡಿಟ್ಟಿದ್ದಾರೆ.

ಮನೆ ಹುಡುಕುವಾಗ ರೂಮು ಎಷ್ಟು ದೊಡ್ಡದು ಎಂದು ನೋಡುವ ಮೊದಲು ಹತ್ತಿರದ ಸ್ಟೇಷನ್ ಯಾವುದು ಎಂದು ನೋಡಿ. ಹ್ಯಾರೋ ಆನ್ ದ ಹಿಲ್ ಸ್ಟೇಷನ್ನಿನಿಂದ ಮೆಟ್ರೋಪಾಲಿಟನ್ ಲೈನ್ ಬೇಕರ್ ಸ್ಟ್ರೀಟಿಗೆ ಹೋಗುತ್ತದೆ. ಹ್ಯಾರೋ ಅಂಡ್ ವೀಲ್ಡ್‌ಸ್ಟೋನ್‌ನಿಂದ ಯೂಸ್ಟನ್ನಿಗೆ ರೈಲುಂಟು. ಇಲ್ಲಿ ಟಿಕೆಟ್ ದರ ವಲಯದ ಲೆಕ್ಕದಲ್ಲಿರುತ್ತದೆ, ಇವೆರಡೂ ಐದನೇ ವಲಯದಲ್ಲಿವೆ. ಪಕ್ಕದ ನಾರ್ತ್‌ವಿಕ್ ಪಾರ್ಕ್ ಮತ್ತು ಕೆಂಟನ್ ನಾಲ್ಕನೇ ವಲಯದಲ್ಲಿವೆ. ದಿನಾ ಆಫೀಸಿಗೆ ಹೋಗಿ ಬರುವವರಿಗೆ ಈ ಒಂದು ವಲಯದ ವ್ಯತ್ಯಾಸ ವರ್ಷದಲ್ಲಿ ದೊಡ್ಡ ಮೊತ್ತವೇ ಆಗುತ್ತದೆ. ವಿಮಾನ ನಿಲ್ದಾಣಕ್ಕೆ ಟ್ಯಾಕ್ಸಿ ಬೇಕೆಂದಿಲ್ಲ. ಎಸ್‌ಎಲ್ 9 ಬಸ್ಸು ಹ್ಯಾರೋದಿಂದ ನೇರ ಹೀಥ್ರೋಗೆ ಹೋಗುತ್ತದೆ. ಅಪ್ಪ ಅಮ್ಮ ಬರುವಾಗ ಲಗೇಜು ಜಾಸ್ತಿ ಇದ್ದರೆ ಮಾತ್ರ ಕಾರು ಮಾಡಿ.

ಈ ಊರು ಬೆಳೆದದ್ದೇ ರೈಲಿನಿಂದ. 1880ರಲ್ಲಿ ಮೆಟ್ರೋಪಾಲಿಟನ್ ರೈಲು ಬರುವವರೆಗೆ ಗುಡ್ಡದ ಮೇಲೊಂದು ಹಳೆಯ ಊರು, ಸುತ್ತ ಹೊಲ, ಅಷ್ಟೇ. ರೈಲು ಕಂಪನಿಗೆ ಹಳಿಯ ಪಕ್ಕದಲ್ಲಿ ಬೇಕಾದಷ್ಟು ಜಮೀನಿತ್ತು. 1915ರಿಂದ ಅದು ಈ ಪ್ರದೇಶಕ್ಕೆ ‘ಮೆಟ್ರೋ ಲ್ಯಾಂಡ್’ ಎಂದು ಹೆಸರಿಟ್ಟು ಜಾಹೀರಾತು ಮಾಡಿತು. ಹಳ್ಳಿಯ ಗಾಳಿಯಲ್ಲಿ ಇರಿ, ನಮ್ಮ ರೈಲಿನಲ್ಲಿ ಕೆಲಸಕ್ಕೆ ಹೋಗಿ ಎನ್ನುವುದು ಅದರ ಸಾರಾಂಶ. ಎರಡು ಮಹಾಯುದ್ಧಗಳ ನಡುವೆ ಕಟ್ಟಿದ ಆ ಜೋಡಿಮನೆಗಳಲ್ಲೇ ನಾವೆಲ್ಲ ಈಗ ಇದ್ದೇವೆ. ಮುಂದೆ ಚಿಕ್ಕ ಅಂಗಳ, ಹಿಂದೆ ಉದ್ದನೆಯ ತೋಟ, ಎರಡು ಮನೆಗೆ ಒಂದೇ ನಡುಗೋಡೆ. ಬೆಳಿಗ್ಗೆ ಆರಕ್ಕೆ ಮಿಕ್ಸಿ ಹಾಕಿದರೆ ಪಕ್ಕದ ಮನೆಯವರು ಎದ್ದು ಕೂರುತ್ತಾರೆ. ಚಟ್ನಿ ರಾತ್ರಿಯೇ ಅರೆದಿಟ್ಟುಕೊಳ್ಳಿ.

ಮನೆ ನೋಡಲು ಹೋದಾಗ ಬೀರುವಿನ ಹಿಂದೆ, ಕಿಟಕಿಯ ಮೂಲೆಯಲ್ಲಿ ಬೂಷ್ಟು ಇದೆಯೇ ನೋಡಿ. ಹಳೆಯ ಗೋಡೆ, ಚಳಿ, ಒಳಗೇ ಒಣಹಾಕುವ ಬಟ್ಟೆ, ಮೂರೂ ಸೇರಿದರೆ ಬೂಷ್ಟು ಬಂದೇ ಬರುತ್ತದೆ. ಚಳಿಗಾಲದಲ್ಲೂ ದಿನಕ್ಕೆ ಹತ್ತು ನಿಮಿಷ ಕಿಟಕಿ ತೆಗೆಯಿರಿ.

ಅಡ್ವಾನ್ಸ್ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ನಾನು ಇಲ್ಲಿ ದುಡ್ಡು ಕಳೆದುಕೊಂಡಿದ್ದೇನೆ. ಬೆಂಗಳೂರಿನ ಹಾಗೆ ಹತ್ತು ತಿಂಗಳದ್ದು ಕೊಡಬೇಕಾಗಿಲ್ಲ. ವರ್ಷದ ಬಾಡಿಗೆ 50,000 ಪೌಂಡಿನ ಒಳಗಿದ್ದರೆ ಐದು ವಾರದ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ. ಆ ಹಣವನ್ನು ಮನೆ ಮಾಲೀಕರು 30 ದಿನದೊಳಗೆ ಸರ್ಕಾರ ಒಪ್ಪಿದ ಠೇವಣಿ ಯೋಜನೆಯಲ್ಲಿ ಇಟ್ಟು ನಿಮಗೆ ಅದರ ಕಾಗದ ಕೊಡಬೇಕು. ನನ್ನ ಮೊದಲ ಮನೆಯಲ್ಲಿ ಆ ಕಾಗದ ಕೇಳಬೇಕೆಂದೇ ನನಗೆ ಗೊತ್ತಿರಲಿಲ್ಲ. ಬಿಡುವಾಗ ಏಜೆಂಟರು ಕ್ಲೀನಿಂಗ್ ಎಂದು ಅರ್ಧ ಹಣ ಹಿಡಿದುಕೊಂಡರು. ಬಂದ ದಿನದ ಒಂದು ಫೋಟೋ ಕೂಡ ನನ್ನ ಹತ್ತಿರ ಇರಲಿಲ್ಲ. ನೀವು ಕೀ ತೆಗೆದುಕೊಂಡ ದಿನವೇ ಪ್ರತಿ ಗೋಡೆ, ಒಲೆ, ಕಾರ್ಪೆಟ್ಟಿನ ಫೋಟೋ ತೆಗೆದು ಏಜೆಂಟರಿಗೆ ಇಮೇಲ್ ಮಾಡಿಬಿಡಿ.

ಬಾಡಿಗೆಯ ಜೊತೆ ಕೌನ್ಸಿಲ್ ಟ್ಯಾಕ್ಸ್, ಅಂದರೆ ಸ್ಥಳೀಯ ಆಡಳಿತಕ್ಕೆ ಕಟ್ಟುವ ಮನೆ ತೆರಿಗೆ, ಬೇರೆ ಇರುತ್ತದೆ. ಮನೆಯಲ್ಲಿ ದೊಡ್ಡವರು ಒಬ್ಬರೇ ಇದ್ದರೆ ಅದರಲ್ಲಿ 25 ಪರ್ಸೆಂಟ್ ರಿಯಾಯಿತಿ ಉಂಟು, ಆದರೆ ನೀವಾಗಿ ಅರ್ಜಿ ಹಾಕಬೇಕು. ಮೊದಲ ವಾರದಲ್ಲೇ ಹತ್ತಿರದ ಜಿಪಿ, ಅಂದರೆ ಬಡಾವಣೆಯ ಸಾಮಾನ್ಯ ಡಾಕ್ಟರ ಬಳಿ ಹೆಸರು ನೋಂದಾಯಿಸಿ. ಮಗುವಿಗೆ ಜ್ವರ ಬಂದ ಮೇಲೆ ಓಡಾಡುವುದು ಬೇಡ. ರಾತ್ರಿ ಹೊತ್ತು ಏನು ಮಾಡಬೇಕೆಂದು ತೋಚದಿದ್ದರೆ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಿ. ಪ್ರಾಣಕ್ಕೆ ಅಪಾಯ ಎನಿಸಿದರೆ 999. ದೊಡ್ಡಾಸ್ಪತ್ರೆ ನಾರ್ತ್‌ವಿಕ್ ಪಾರ್ಕಿನಲ್ಲಿದೆ, ಸ್ಟೇಷನ್ನಿಗೆ ಅಂಟಿಕೊಂಡೇ ಇದೆ. ಇನ್ನು ಕಾರು: ನಮ್ಮ ಲೈಸೆನ್ಸು ಇಲ್ಲಿ 12 ತಿಂಗಳು ಮಾತ್ರ ನಡೆಯುತ್ತದೆ. ಹಳೆಯ ಡೀಸೆಲ್ ಗಾಡಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಬೇಡಿ. 2023ರ ಆಗಸ್ಟ್‌ನಿಂದ ಇಡೀ ಲಂಡನ್ನಿಗೆ ಹೊಗೆ ನಿಯಮ ಬಂದಿದೆ. ನಿಯಮಕ್ಕೆ ಒಗ್ಗದ ಗಾಡಿ ರಸ್ತೆಗಿಳಿದರೆ ದಿನಕ್ಕೆ 12.50 ಪೌಂಡ್ ಕಟ್ಟಬೇಕು.

ಹ್ಯಾರೋ ಸ್ಕೂಲಿಗೆ ಮಗನನ್ನು ಸೇರಿಸಬಹುದಾ ಎಂದು ಬಹಳ ಜನ ಕೇಳುತ್ತಾರೆ. ಅದು 1572ರಲ್ಲಿ ಶುರುವಾದ ಗಂಡು ಮಕ್ಕಳ ಖಾಸಗಿ ವಸತಿ ಶಾಲೆ. ಚರ್ಚಿಲ್ ಓದಿದ್ದು ಅಲ್ಲಿ, ನೆಹರೂ ಓದಿದ್ದೂ ಅಲ್ಲೇ. ಫೀಸು ನಮ್ಮಂಥವರಿಗೆ ಎಟುಕುವಂಥದ್ದಲ್ಲ. ನಮ್ಮ ಮಕ್ಕಳು ಹೋಗುವುದು ಕೌನ್ಸಿಲ್ ಮೂಲಕ ಸೀಟು ಸಿಗುವ ಸರ್ಕಾರಿ ಶಾಲೆಗಳಿಗೆ. ಅವು ಚೆನ್ನಾಗಿವೆ, ಹಿಂಜರಿಕೆ ಬೇಡ. ಸೆಪ್ಟೆಂಬರಿನ ರಿಸೆಪ್ಷನ್ ತರಗತಿಗೆ, ಅಂದರೆ ಶಾಲೆಯ ಮೊದಲ ವರ್ಷಕ್ಕೆ, ಜನವರಿ 15ರೊಳಗೆ, ಹೈಸ್ಕೂಲು ಶುರುವಾಗುವ ಏಳನೇ ತರಗತಿಗೆ ಹಿಂದಿನ ಅಕ್ಟೋಬರ್ 31ರೊಳಗೆ ಅರ್ಜಿ ಹೋಗಬೇಕು. ಹೆಚ್ಚಿನ ಶಾಲೆಗಳಲ್ಲಿ ಮನೆಯಿಂದ ಶಾಲೆಗಿರುವ ದೂರವನ್ನು ಅಳೆದು ಸೀಟು ಕೊಡುತ್ತಾರೆ. ಹಾಗಾಗಿ ಮಕ್ಕಳಿರುವವರು ಶಾಲೆ ಗೊತ್ತು ಮಾಡಿಕೊಂಡು ಆಮೇಲೆ ಮನೆ ಹುಡುಕಿ.

ಈಗ ಅಡುಗೆಮನೆ. ಅದಕ್ಕೆ ಬೇಕಾದದ್ದು ಇಲ್ಲಿ ಸಿಗುವುದು ನಮಗಿಂತ ಮುಂಚೆ ಬಂದವರಿಂದ. ಕೆನ್ಯಾ, ಉಗಾಂಡಾ ಕಡೆಯಿಂದ ಗುಜರಾತಿಗಳು ಬಂದರು. 1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ಅಲ್ಲಿಂದ ಓಡಿಸಿದಾಗ ಬಹಳ ಜನ ಉಟ್ಟ ಬಟ್ಟೆಯಲ್ಲೇ ಬಂದಿಳಿದರು. ಆಮೇಲೆ ಯುದ್ಧದಿಂದ ತಪ್ಪಿಸಿಕೊಂಡು ಶ್ರೀಲಂಕಾದ ತಮಿಳರು ಬಂದರು. ನನಗೆ ಸೌತ್ ಹ್ಯಾರೋದ ತಮಿಳರ ಅಂಗಡಿಗಳೇ ತವರುಮನೆ. ಹಸಿ ಕರಿಬೇವು, ನುಗ್ಗೆಕಾಯಿ, ಬಾಳೆಎಲೆ, ಇಡ್ಲಿ ಅಕ್ಕಿ ಎಲ್ಲ ಅಲ್ಲಿವೆ. ರಾಗಿ ಹಿಟ್ಟು ಕೇಳಿದರೆ ಕೆಲವರಿಗೆ ತಿಳಿಯುವುದಿಲ್ಲ. ಚೀಲದ ಮೇಲೆ ‘ಕುರಕ್ಕನ್’ ಎಂದು ಬರೆದಿರುತ್ತದೆ, ಅದೇ ರಾಗಿ. ಮೊದಲ ಚಳಿಗಾಲದಲ್ಲಿ ನಾನು ಮೂರು ತಿಂಗಳು ಆ ಚೀಲದ ಮುಂದೆಯೇ ಓಡಾಡಿದ್ದೆ! ಯುಗಾದಿಗೆ ಬೇವು ಬೇಕಿದ್ದರೆ ಎರಡು ವಾರ ಮುಂಚೆ ಅಂಗಡಿಯಣ್ಣನಿಗೆ ಹೇಳಿಡಿ.

ನಮ್ಮ ಭಾಷೆಗಾಗಿ ಸ್ವಲ್ಪ ಓಡಾಡಬೇಕು. ಕನ್ನಡ ಬಳಗ, ಕನ್ನಡಿಗರು ಯುಕೆ ಎಂಬ ಎರಡು ಸಂಘಗಳೂ ಹಬ್ಬ, ರಾಜ್ಯೋತ್ಸವ ಮಾಡುತ್ತವೆ, ಹೋಗಿ. ವೆಸ್ಟ್ ಕೆನ್ಸಿಂಗ್ಟನ್ನಿನಲ್ಲಿ ಹಳೆಯ ಚರ್ಚ್ ಕಟ್ಟಡದಲ್ಲಿರುವ ಭಾರತೀಯ ವಿದ್ಯಾ ಭವನವನ್ನು ಬಹಳ ವರ್ಷ ನಡೆಸಿದವರು ನಮ್ಮ ಮತ್ತೂರು ಕೃಷ್ಣಮೂರ್ತಿಯವರು. ಸಂಗೀತ, ಭರತನಾಟ್ಯ ಕಲಿಸಲು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಬಹುದು. ಥೇಮ್ಸ್ ದಂಡೆಯಲ್ಲಿ ಬಸವಣ್ಣನವರ ಪ್ರತಿಮೆ ಇದೆ, 2015ರ ನವೆಂಬರ್ 14ರಂದು ಅನಾವರಣವಾದದ್ದು. ಒಂದು ಭಾನುವಾರ ಅದಕ್ಕೆ ಇಡಿ.

ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮೊದಲೇ ಕತ್ತಲಾಗುತ್ತದೆ. ಮನೆಯಲ್ಲೇ ಇರುವವರಿಗೆ, ಅದರಲ್ಲೂ ಗಂಡ ಅಥವಾ ಹೆಂಡತಿಯ ವೀಸಾದ ಮೇಲೆ ಬಂದು ಇನ್ನೂ ಕೆಲಸ ಸಿಗದವರಿಗೆ, ಆ ತಿಂಗಳುಗಳು ತುಂಬಾ ಭಾರ. ಸುಮ್ನೆ ಒಳಗೆ ಕೂರಬೇಡಿ. ಮಧ್ಯಾಹ್ನ ಬೆಳಕಿರುವಾಗಲೇ ಒಂದು ಸುತ್ತು ಹೊರಗೆ ಹೋಗಿ ಬನ್ನಿ. ಲೈಬ್ರರಿಗೆ ಹೋದರೂ ಸರಿ.

ಇಲ್ಲವೇ ಗುಡ್ಡ ಹತ್ತಿ. ಹ್ಯಾರೋ ಆನ್ ದ ಹಿಲ್ ಸ್ಟೇಷನ್ನಿನಿಂದ ಹದಿನೈದು ನಿಮಿಷದ ದಾರಿ. ತುದಿಯಲ್ಲಿ ಸೇಂಟ್ ಮೇರಿ ಚರ್ಚ್ ಇದೆ, 1094ರಲ್ಲಿ ಪ್ರತಿಷ್ಠೆಯಾದದ್ದು. 767ರ ಒಂದು ದಾಖಲೆಯಲ್ಲಿ ಈ ಜಾಗಕ್ಕೆ ‘ಗುಮೆನಿಂಗಾ ಹೆರ್ಗೆ’ ಎಂಬ ಹೆಸರಿದೆ. ಗುಮೆನಿಂಗ ಎಂಬ ಜನರ ಗುಡಿ ಎಂದು ಅದರ ಅರ್ಥ. ಕ್ರೈಸ್ತ ಧರ್ಮ ಬರುವ ಮೊದಲಿನ ಗುಡಿ ಅದು. ಆ ಹೆರ್ಗೆಯೇ ಸವೆದು ಹ್ಯಾರೋ ಆಯಿತು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲೇ ಹಿಂದೂಗಳ ಪ್ರಮಾಣ ಅತಿ ಹೆಚ್ಚಿರುವುದು ಇಲ್ಲಿ, ಸುಮಾರು 26 ಪರ್ಸೆಂಟ್. ಇದನ್ನು ತಿಳಿದ ಮೇಲೆ ನನಗೆ ಈ ಊರಿನ ಮೇಲೆ ಇನ್ನಷ್ಟು ಪ್ರೀತಿ ಬಂತು. ಚರ್ಚಿನ ಅಂಗಳದಿಂದ ಪಶ್ಚಿಮಕ್ಕೆ ಬಹಳ ದೂರ ಕಾಣುತ್ತದೆ. ಮಳೆ ಬಂದ ಮರುದಿನ ಹೋಗುವುದಾದರೆ ಒಳ್ಳೆಯ ಶೂ ಹಾಕಿಕೊಳ್ಳಿ, ಇಳಿಯುವ ಕಾಲುದಾರಿ ಜಾರುತ್ತದೆ.