ಹವಳದ ಟ್ಯಾಂಕ್‌ಗೆ ಹೊಂದಿಕೊಂಡು ಬಾಳುವ ಮೀನು ಆರಿಸುವುದು ಹೇಗೆ?

ನನ್ನ ಮೊದಲ ಉಪ್ಪುನೀರಿನ ಟ್ಯಾಂಕ್‌ಗೆ ನಾನು ಬಿಟ್ಟ ಮೊದಲ ಮೀನು ನೀಲಿ ಡ್ಯಾಮ್ಸೆಲ್. ಹೆಬ್ಬೆರಳಿನಷ್ಟು ಉದ್ದ, ನೋಡಲು ಬಲು ಚೆಂದ. ಆಮೇಲೆ ಬಂದ ಒಂದೊಂದು ಮೀನನ್ನೂ ಅದು ಮೂಲೆಗೆ ಅಟ್ಟಿ ಕೂರಿಸಿತು. ಹಿಡಿದು ಹೊರಗೆ ಹಾಕೋಣ ಅಂದರೆ ಬಲೆ ಕಂಡರೆ ಸಾಕು, ಕಲ್ಲಿನ ಸಂದಿಗೆ ಓಡುತ್ತಿತ್ತು. ಕೊನೆಗೆ ಜೋಡಿಸಿಟ್ಟ ಕಲ್ಲುಗಳನ್ನೆಲ್ಲ ಎತ್ತಿ ಹೊರಗಿಟ್ಟೆ. ಇಡೀ ಭಾನುವಾರ ಅದಕ್ಕೇ ಹೋಯಿತು.

ಅಲ್ಲಿಂದೀಚೆಗೆ ಎಷ್ಟೋ ಜನ ಇದೇ ತಪ್ಪು ಮಾಡುವುದನ್ನು ನೋಡಿದ್ದೇನೆ. ಹವಳ ಅಂಟಿಸಿದ ಕಲ್ಲುಗಳ ನಡುವಿನಿಂದ ಮೀನನ್ನು ವಾಪಸ್ ಹಿಡಿಯುವುದು ಸುಲಭವಲ್ಲ. ಹಾಗಾಗಿ ಅಂಗಡಿಗೆ ಹೋಗುವ ಮುಂಚೆಯೇ ಒಂದು ಪಟ್ಟಿ ಬರೆಯಿರಿ. ಯಾವ ಮೀನು ಬೇಕು ಅಂತ ಮಾತ್ರವಲ್ಲ, ಯಾವುದನ್ನು ಮೊದಲು ಬಿಡುವುದು, ಯಾವುದನ್ನು ಕೊನೆಗೆ ಅಂತಲೂ ಅದರಲ್ಲಿ ಇರಲಿ.

1. ನೀರು ಸಿದ್ಧವಾಗಲಿ

ಮೀನಿನ ಕಸದಿಂದ ಬರುವ ಅಮೋನಿಯಾ, ನೈಟ್ರೈಟ್ ಅನ್ನುವ ವಿಷಗಳನ್ನು ತಿಂದು ಕರಗಿಸುವ ಬ್ಯಾಕ್ಟೀರಿಯಾ ಟ್ಯಾಂಕ್‌ನಲ್ಲಿ ಬೆಳೆಯಲು ನಾಲ್ಕರಿಂದ ಆರು ವಾರ ಕಾಯಿರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರಬೇಕು. ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಲೆಕ್ಕದಲ್ಲಿ) 1.025 ಆಸುಪಾಸು, ಬಿಸಿ 25 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಕು. 'ಒಂದು ಡ್ಯಾಮ್ಸೆಲ್ ಬಿಡಿ, ಟ್ಯಾಂಕ್ ಬೇಗ ತಯಾರಾಗುತ್ತದೆ' ಅನ್ನುವ ಸಲಹೆ ಸಿಗುತ್ತದೆ. ಕೇಳಬೇಡಿ. ನನ್ನ ಡ್ಯಾಮ್ಸೆಲ್ ಬಂದಿದ್ದು ಇದೇ ದಾರಿಯಲ್ಲಿ. ಬ್ಯಾಕ್ಟೀರಿಯಾಗೆ ಊಟವಾಗಲಿ ಅಂತ ಬಾಟಲಿಯಿಂದ ಅಮೋನಿಯಾ ಹನಿ ಹಾಕಿದರೂ ಅದೇ ಕೆಲಸ ಆಗುತ್ತದೆ, ಮೀನಿಗೂ ಹಿಂಸೆಯಿಲ್ಲ.

2. ಬೆಳೆದ ಮೇಲಿನ ಅಳತೆ ನೋಡಿ

ಅಂಗಡಿಯಲ್ಲಿ ಬೆರಳುದ್ದ ಇರುವ ನೀಲಿ ಟ್ಯಾಂಗ್ ಬೆಳೆದರೆ 30 ಸೆಂ.ಮೀ. ಮುಟ್ಟುತ್ತದೆ. ಹಳದಿ ಟ್ಯಾಂಗ್ 20 ಸೆಂ.ಮೀ. ಎರಡೂ ದಿನವಿಡೀ ಈಜಾಡುವ ಮೀನುಗಳು. 'ಮುಂದೆ ದೊಡ್ಡ ಟ್ಯಾಂಕ್ ತಗೋತೀವಿ' ಅಂದವರಲ್ಲಿ ತಗೊಂಡವರನ್ನು ನಾನಿನ್ನೂ ಕಂಡಿಲ್ಲ. 200 ಲೀಟರ್ ಟ್ಯಾಂಕ್‌ಗೆ ಐದಾರು ಸಣ್ಣ ಮೀನು ಸಾಕು. ಖಾಲಿ ಕಾಣುತ್ತದೆ ಅನ್ನಿಸಿದರೆ ಹವಳ ಹಾಕಿ, ಮೀನಲ್ಲ.

3. 'ರೀಫ್ ಸೇಫ್' ಅನ್ನುವ ಚೀಟಿ ಅರ್ಧ ಮಾತ್ರ ಹೇಳುತ್ತದೆ

ಆ ಚೀಟಿಯ ಅರ್ಥ ಮೀನು ಹವಳ ತಿನ್ನುವುದಿಲ್ಲ ಅಂತ. ಪಕ್ಕದ ಮೀನನ್ನು ತಿನ್ನುವುದಿಲ್ಲ ಅಂತ ಅಲ್ಲ. ಲಯನ್‌ಫಿಶ್ ಹವಳದ ತಂಟೆಗೆ ಹೋಗುವುದಿಲ್ಲ, ನಿಜ. ಆದರೆ ಬಾಯಿಗೆ ಹಿಡಿಸುವ ಸಣ್ಣ ಮೀನು, ಸೀಗಡಿ ಎಲ್ಲವನ್ನೂ ನುಂಗುತ್ತದೆ. ಅದರ ಮುಳ್ಳಿನಲ್ಲಿ ವಿಷ ಬೇರೆ. ಟ್ರಿಗರ್ ಮೀನುಗಳಲ್ಲಿ ಹೆಚ್ಚಿನವು ಏಡಿ, ಸೀಗಡಿ, ಬಸವನಹುಳು ಉಳಿಸುವುದಿಲ್ಲ. ಬಟರ್‌ಫ್ಲೈ ಮೀನುಗಳಲ್ಲಿ ಬಹುಪಾಲು ಹವಳವನ್ನೇ ಕುಕ್ಕಿ ತಿನ್ನುತ್ತವೆ. ಕುಳ್ಳ ಏಂಜೆಲ್ ಮೀನುಗಳದ್ದು ಅದೃಷ್ಟದಾಟ. ಒಂದು ವರ್ಷ ಸುಮ್ನಿದ್ದು ಆಮೇಲೆ ಹವಳಕ್ಕೆ ಬಾಯಿ ಹಾಕಿದ್ದೂ ಉಂಟು. ನಾನಂತೂ ತರುವುದಿಲ್ಲ.

ಇನ್ನು ಕೆಲವು ಮೀನು ಯಾರಿಗೂ ತೊಂದರೆ ಕೊಡುವುದಿಲ್ಲ, ತಾವೇ ಸಾಯುತ್ತವೆ. ಮ್ಯಾಂಡರಿನ್ ಮೀನಿಗೆ ಬೇಕಾದದ್ದು ಕಲ್ಲಿನ ಮೇಲೆ ಹರಿದಾಡುವ ಕೋಪೆಪಾಡ್ ಅನ್ನುವ ಸಣ್ಣ ಜೀವಿಗಳು. ಹೊಸ ಟ್ಯಾಂಕ್‌ನಲ್ಲಿ ಅವು ಬೇಗ ಮುಗಿದುಹೋಗುತ್ತವೆ. ಕಾಳು ಹಾಕಿದರೆ ಅದು ಮೂಸಿಯೂ ನೋಡುವುದಿಲ್ಲ. ಹೊಟ್ಟೆ ಒಳಗೆ ಹೋಗುತ್ತಾ ಹೋಗುತ್ತಾ ಒಂದು ದಿನ ಸಾಯುತ್ತದೆ. ಬೇರೆ ಮೀನಿನ ಮೈ ಶುಚಿ ಮಾಡುವ ಕ್ಲೀನರ್ ರಾಸ್‌ನ ಕತೆಯೂ ಹೆಚ್ಚುಕಮ್ಮಿ ಇದೇ. ಅದರ ಬದಲು ಕ್ಲೀನರ್ ಸೀಗಡಿ ತನ್ನಿ.

4. ಯಾರಿಗೆ ಯಾರು ಆಗುವುದಿಲ್ಲ?

ಜನ ಎಡವುವುದು ಇಲ್ಲೇ. ಮೀನು ಜಗಳವಾಡುವುದು ತನ್ನ ಹಾಗೆ ಇರುವವರ ಜೊತೆ. ಒಂದೇ ಆಕಾರ, ಒಂದೇ ಬಣ್ಣ, ಒಂದೇ ಊಟ, ಒಂದೇ ಬಿಲ. ಈ ನಾಲ್ಕರಲ್ಲಿ ಎರಡು ಹೊಂದಿದರೂ ಅನುಮಾನಪಡಿ. ಟ್ಯಾಂಕ್ ಅನ್ನು ಮೂರು ಅಂತಸ್ತಿನ ಮನೆ ಅಂದುಕೊಳ್ಳಿ. ಕೆಳಗೆ ಮರಳು, ನಡುವೆ ಕಲ್ಲಿನ ಗವಿ, ಮೇಲೆ ಬಯಲು ನೀರು. ಒಂದೊಂದು ಅಂತಸ್ತಿಗೂ ಬೇರೆ ಬೇರೆ ಬಾಡಿಗೆದಾರರನ್ನು ಹುಡುಕಬೇಕು.

ಮರಳಿಗೆ ನನ್ನ ಆಯ್ಕೆ ಹಳದಿ ವಾಚ್‌ಮನ್ ಗೋಬಿ, ಜೊತೆಗೆ ಒಂದು ಪಿಸ್ಟಲ್ ಸೀಗಡಿ. ಸೀಗಡಿಗೆ ಕಣ್ಣು ಮಂದ, ಆದರೆ ಬಿಲ ತೋಡುವುದರಲ್ಲಿ ನಿಪುಣ. ಗೋಬಿ ಬಾಗಿಲಲ್ಲಿ ಕಾವಲು ಕೂರುತ್ತದೆ. ಸೀಗಡಿ ತನ್ನ ಮೀಸೆಯನ್ನು ಗೋಬಿಗೆ ತಾಗಿಸಿಕೊಂಡೇ ಮರಳು ಹೊರಹಾಕುತ್ತದೆ. ಗೋಬಿ ಬಾಲ ಅಲ್ಲಾಡಿಸಿದರೆ ಇಬ್ಬರೂ ಒಳಗೆ. ಇದನ್ನು ನೋಡುತ್ತಾ ಕೂತರೆ ಟಿವಿ ಬೇಡ.

ಗವಿಗೆ ರಾಯಲ್ ಗ್ರಾಮಾ. ಮುಂದರ್ಧ ನೇರಳೆ, ಹಿಂದರ್ಧ ಹಳದಿ. ಗವಿಯ ಚಾವಣಿಗೆ ಹೊಟ್ಟೆ ತಾಗಿಸಿ ತಲೆಕೆಳಗಾಗಿ ಈಜುತ್ತದೆ, ಅದು ಕಾಯಿಲೆಯಲ್ಲ. ಇಲ್ಲೊಂದು ಮೋಸವಿದೆ. ಇದೇ ಬಣ್ಣದ ಬೈಕಲರ್ ಡಾಟಿಬ್ಯಾಕ್ ಅನ್ನುವ ಇನ್ನೊಂದು ಮೀನಿದೆ, ಸ್ವಭಾವದಲ್ಲಿ ರೌಡಿ. ಎರಡು ಬಣ್ಣ ಸೇರುವ ಜಾಗ ನೋಡಿ. ಗ್ರಾಮಾದಲ್ಲಿ ನೇರಳೆಯೊಳಗೆ ಹಳದಿ ಚುಕ್ಕೆಚುಕ್ಕೆಯಾಗಿ ಬೆರೆಯುತ್ತದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಒಂದು ಕಪ್ಪು ಬೊಟ್ಟೂ ಇರುತ್ತದೆ. ಡಾಟಿಬ್ಯಾಕ್‌ನಲ್ಲಿ ಚಾಕುವಿನಿಂದ ಕೊಯ್ದ ಹಾಗೆ ನೇರ ಗೆರೆ.

ಬಯಲು ನೀರಿಗೆ ಒಂದು ಫೈರ್‌ಫಿಶ್. ಒಂದೇ ಒಂದು. ಎರಡು ತಂದರೆ ಜೋಡಿಯಾಗದಿದ್ದರೆ ಒಂದನ್ನೊಂದು ಓಡಿಸುತ್ತವೆ. ಬಂಗಾಯ್ ಕಾರ್ಡಿನಲ್ ಕೂಡ ಹಾಗೇ. ಮರಿಗಳಾಗಿದ್ದಾಗ ಗುಂಪಿನಲ್ಲಿ ಚೆನ್ನಾಗಿರುತ್ತವೆ, ಬೆಳೆದ ಮೇಲೆ ಒಂದು ಜೋಡಿ ಉಳಿದು ಮಿಕ್ಕವನ್ನು ಮುಗಿಸುತ್ತದೆ. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳಲ್ಲಿ ಅಕ್ವೇರಿಯಂಗಾಗಿ ಹಿಡಿದು ಹಿಡಿದೇ ಇವುಗಳ ಸಂಖ್ಯೆ ಕುಸಿದಿದೆ. ಸಾಕಿ ಬೆಳೆಸಿದ್ದನ್ನೇ ಕೇಳಿ ತನ್ನಿ.

ಕ್ಲೌನ್‌ಫಿಶ್ ಮಾತ್ರ ಎರಡು ತರಬಹುದು. ಒಂದೇ ಜಾತಿಯದು, ಎರಡೂ ಮರಿ, ಒಂದು ಸ್ವಲ್ಪ ದೊಡ್ಡದು. ಇವು ಹುಟ್ಟುವಾಗ ಎಲ್ಲವೂ ಗಂಡು. ಜೋರಿರುವ ದೊಡ್ಡದು ಹೆಣ್ಣಾಗುತ್ತದೆ, ಇನ್ನೊಂದು ತಗ್ಗಿ ನಡೆಯುತ್ತದೆ. ಎರಡು ಬೆಳೆದ ಹೆಣ್ಣು ತಂದಿರೋ, ಒಂದು ಸಾಯುವವರೆಗೂ ಕಾದಾಟ. ಇವು ಕಡಲಲ್ಲಿ ಮನೆ ಮಾಡಿಕೊಳ್ಳುವ, ಕುಟುಕುವ ಎಳೆಗಳ ಹೂವಿನಂಥ ಪ್ರಾಣಿ ಅನಿಮೋನ್ ಇಲ್ಲದಿದ್ದರೂ ಆರಾಮಾಗಿರುತ್ತವೆ. ಹೊಸ ಟ್ಯಾಂಕ್‌ನಲ್ಲಿ ಅನಿಮೋನ್ ನಿಂತಲ್ಲಿ ನಿಲ್ಲದೆ ನಡೆದಾಡಿ ದಾರಿಯಲ್ಲಿ ಸಿಕ್ಕ ಹವಳವನ್ನೆಲ್ಲ ಸುಡುತ್ತದೆ.

5. ತರುವ ದಿನ

ಅಂಗಡಿಯಲ್ಲಿ ಆ ಮೀನಿಗೆ ಊಟ ಹಾಕಿಸಿ ನೋಡಿ. ತಿನ್ನದಿದ್ದರೆ ಬೇಡ. ತಂದ ಮೇಲೆ ಕನಿಷ್ಠ 30 ದಿನ ಬೇರೆ ಟ್ಯಾಂಕ್‌ನಲ್ಲಿಡಿ, ಅಡಗಲು ಒಂದೆರಡು ಪಿವಿಸಿ ಪೈಪ್ ತುಂಡು ಸಾಕು. ಬಿಳಿ ಚುಕ್ಕೆ ರೋಗ ಬಂದರೆ ತಾಮ್ರದ ಔಷಧಿ ಅಲ್ಲೇ ಕೊಡಬಹುದು. ಅದೇ ತಾಮ್ರ ಹವಳದ ಟ್ಯಾಂಕ್‌ಗೆ ಬಿದ್ದರೆ ಹವಳ, ಸೀಗಡಿ ಎಲ್ಲ ಹೋಗುತ್ತವೆ. 'ಹವಳಕ್ಕೆ ಹಾನಿಯಿಲ್ಲದ' ಚುಕ್ಕೆ ರೋಗದ ಔಷಧಿ ಅಂತ ಬಾಟಲಿಗಳು ಬರುತ್ತವೆ. ಮೂರು ಬಗೆಯದನ್ನು ಸುರಿದಿದ್ದೇನೆ, ಒಂದೂ ಕೆಲಸ ಮಾಡಲಿಲ್ಲ. ರೋಗ ದೊಡ್ಡ ಟ್ಯಾಂಕ್‌ಗೆ ಹೊಕ್ಕರೆ ಎಲ್ಲ ಮೀನನ್ನೂ ಹೊರತೆಗೆದು, ಅಂಟಿಕೊಳ್ಳಲು ಮೀನು ಸಿಗದೆ ರೋಗದ ಪರಾವಲಂಬಿ ಸಾಯುವವರೆಗೂ ಟ್ಯಾಂಕ್ ಅನ್ನು ಮೀನಿಲ್ಲದೆ ಬಿಡಬೇಕು. ಹವ್ಯಾಸಿಗಳು ಸಾಮಾನ್ಯವಾಗಿ 76 ದಿನದ ಲೆಕ್ಕ ಹಿಡಿಯುತ್ತಾರೆ.

6. ಬಿಡುವ ಕ್ರಮ

ಅಂಜುಬುರುಕರು ಮೊದಲು, ಜೋರಿನವರು ಕೊನೆಗೆ. ನನ್ನ ಪಟ್ಟಿಯಲ್ಲಿ ಫೈರ್‌ಫಿಶ್, ಗೋಬಿ ಮೊದಲು. ಆಮೇಲೆ ಕಾರ್ಡಿನಲ್, ನಂತರ ಗ್ರಾಮಾ. ಕ್ಲೌನ್ ಜೋಡಿ ಕಟ್ಟಕಡೆಗೆ. ಪ್ರತಿ ಸಲ ಮೂರು ವಾರ ಬಿಡುವು ಕೊಡಿ, ಹೊಸ ಮೀನಿನ ಕಸಕ್ಕೆ ಬ್ಯಾಕ್ಟೀರಿಯಾ ಕೂಡ ಹೊಂದಿಕೊಳ್ಳಬೇಕಲ್ವಾ. ಸಿಕ್ಸ್‌ಲೈನ್ ರಾಸ್ ಬೇಕೇ ಬೇಕು ಅನ್ನುವವರು ಅದನ್ನು ಎಲ್ಲರಿಗಿಂತ ಕೊನೆಗೆ ಬಿಡಿ. ಮೊದಲೇ ಬಂದರೆ ಟ್ಯಾಂಕ್ ಪೂರ್ತಿ ತನ್ನದು ಅನ್ನುತ್ತದೆ.

ಹೊಸಬರನ್ನು ನೇರವಾಗಿ ಬಿಡಬೇಡಿ. ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಎರಡು ಮೂರು ದಿನ ಟ್ಯಾಂಕ್ ಒಳಗೇ ತೂಗುಹಾಕಿ. ಹಳಬರು ಬಂದು ಗುದ್ದಿ ನೋಡುತ್ತಾರೆ, ಬೇಜಾರಾಗಿ ಹೋಗುತ್ತಾರೆ. ಬಿಡುವ ದಿನ ಹಳಬರಿಗೆ ಹೊಟ್ಟೆ ತುಂಬ ಹಾಕಿ, ಒಂದೆರಡು ಕಲ್ಲಿನ ಜಾಗ ಬದಲಿಸಿ, ದೀಪ ಆರಿಸಿ. ಆಮೇಲೂ ಅಟ್ಟಾಡಿಸಿದರೆ ಗಾಜಿನ ಹೊರಗೆ ಒಂದು ಕನ್ನಡಿ ಒರಗಿಸಿಡಿ. ಜಗಳಗಂಟ ತನ್ನ ಬಿಂಬದ ಜೊತೆ ಗುದ್ದಾಡುತ್ತಾ ಹೊಸಬರನ್ನು ಮರೆಯುತ್ತದೆ.

ಮೇಲೆ ಬಲೆಯ ಮುಚ್ಚಳ ಹಾಕದೆ ಮಲಗಬೇಡಿ. ಫೈರ್‌ಫಿಶ್ ಬೆಚ್ಚಿದರೆ ನೆಗೆಯುತ್ತದೆ. ಬೆಳಗ್ಗೆ ಅದು ಕಾಣಲಿಲ್ಲ ಅಂದರೆ ಮೊದಲು ಟ್ಯಾಂಕ್ ಹಿಂದಿನ ನೆಲ ನೋಡಿ, ಆಮೇಲೆ ಕಲ್ಲಿನ ಸಂದಿ.