ಲೆಕ್ಕ ಒಪ್ಪಿಸಿ ಹೊರಡುವುದು: ಸಭಾ ಇಂಟರ್ನ್‌ಶಿಪ್‌ನ ಕೊನೆಯ ತಿಂಗಳು

ಬಾಗಲಕೋಟೆ ಜಿಲ್ಲೆಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯೊಂದರಲ್ಲಿ, ಅಂದರೆ ಒಂದು ಚರ್ಚಿನ ಭಕ್ತಸಮುದಾಯದಲ್ಲಿ, ದೇವಶಾಸ್ತ್ರದ ವಿದ್ಯಾರ್ಥಿಯಾಗಿ ಇಂಟರ್ನ್‌ಶಿಪ್ ಮುಗಿಸಿದಾಗ ಕೊನೆಯ ತಿಂಗಳನ್ನು ಹೇಗೆ ಹೊಂದಿಸಿಕೊಂಡೆ ಎಂಬುದನ್ನಷ್ಟೇ ಬರೆಯುತ್ತಿದ್ದೇನೆ. ಪ್ರಸಂಗ (ಆರಾಧನೆಯಲ್ಲಿ ಮಾಡುವ ಉಪದೇಶ), ಮನೆಭೇಟಿ, ಭಾನುವಾರ ಶಾಲೆ ಇವನ್ನೆಲ್ಲ ಕಾಲೇಜಿನಲ್ಲಿ ಕಲಿಸಿರುತ್ತಾರೆ. ಹೊರಡುವುದನ್ನು ಯಾರೂ ಕಲಿಸುವುದಿಲ್ಲ. ಹೀಗಾಗಿ ಎಷ್ಟೋ ಜನ ಕೊನೆಯ ಭಾನುವಾರ ಶಾಲು ಹೊದಿಸಿಕೊಂಡು, ಫೋಟೋ ತೆಗೆಸಿಕೊಂಡು, ಭಾನುವಾರ ಶಾಲೆಯ ಕಪಾಟಿನ ಕೀಲಿಯನ್ನು ಕಿಸೆಯಲ್ಲೇ ಇಟ್ಟುಕೊಂಡು ಬಸ್ ಹತ್ತಿಬಿಡುತ್ತಾರೆ. ಬೀಳ್ಕೊಡುಗೆ ಸಭೆ ನಡೆಯುವ ಹೊತ್ತಿಗೆ ಕೈಯಲ್ಲಿ ಕೀಲಿ, ರೊಕ್ಕ, ಜವಾಬ್ದಾರಿ ಯಾವುದೂ ಉಳಿದಿರಬಾರದು ಎಂಬುದು ನಾನು ಇಟ್ಟುಕೊಂಡ ಅಳತೆ.

ನಾಲ್ಕು ವಾರ ಮೊದಲೇ ಶುರುಮಾಡಬೇಕು. ಹೊರಡುವ ತಾರೀಖನ್ನು ಮೊದಲು ಸಭಾಪಾಲಕರಿಗೆ (ಪಾಸ್ಟರ್‌ಗೆ), ನಂತರ ಸಭಾ ಕಾರ್ಯದರ್ಶಿಗೆ, ನಂತರ ಉಳಿದುಕೊಂಡ ಮನೆಯವರಿಗೆ ಹೇಳಬೇಕು, ಮೂರೂ ಒಂದೇ ದಿನ. ಉಳಿದವರಿಗೆ ಭಾನುವಾರದ ಪ್ರಕಟಣೆಯಲ್ಲಿ ಸಭಾಪಾಲಕರೇ ತಿಳಿಸಲಿ. ನೀವು ಒಂದು ಮನೆಯಲ್ಲಿ ಚಹಾ ಕುಡಿಯುತ್ತ ಬಾಯಿಬಿಟ್ಟರೆ ಸಂಜೆಯೊಳಗೆ ಇಡೀ ಓಣಿಗೆ ಗೊತ್ತಾಗುತ್ತದೆ. ಆಗ ಹಿರಿಯರೊಬ್ಬರು “ನಮ್ಮ ಮುಂದ ಹೇಳಲೇ ಇಲ್ಲಲ್ರಿ” ಎಂದು ಮುಖ ತಿರುಗಿಸಿದರೆ ಆ ಬೇಸರ ಕೊನೆಯ ದಿನದವರೆಗೂ ಹೋಗುವುದಿಲ್ಲ.

ಕಾಲೇಜಿಗೆ ಕೊಡಬೇಕಾದ ಮೌಲ್ಯಮಾಪನದ ನಮೂನೆಯನ್ನು ಅದೇ ಮೊದಲ ವಾರ ಸಭಾಪಾಲಕರ ಕೈಗೆ ಕೊಟ್ಟೆ. ಏಪ್ರಿಲ್, ಮೇ ಅಂದರೆ ಅವರಿಗೆ ಮದುವೆಗಳ ಕಾಲ, ಮಕ್ಕಳ ವಿಬಿಎಸ್ (ರಜೆಯ ಬೈಬಲ್ ಶಾಲೆ) ಕಾಲ. ಹಲವೆಡೆ ಸಭಾಪಾಲಕರ ವರ್ಗಾವಣೆಯೂ ಆ ಹೊತ್ತಿಗೇ ಬರುತ್ತದೆ. ಅವರು ಬೇರೆ ಊರಿಗೆ ಹೋದ ಮೇಲೆ ಸಹಿಗಾಗಿ ಬೆನ್ನು ಹತ್ತುವುದು ದೊಡ್ಡ ಫಜೀತಿ. ಸಹಿ, ತಾರೀಖು, ಸಭೆಯ ಮೊಹರು ಈ ಮೂರೂ ಇದ್ದು, ಲಕೋಟೆ ಅಂಟಿಸಿದ್ದರೆ ಮಾತ್ರ ಆ ಕೆಲಸ ಮುಗಿಯಿತೆಂದು ತಿಳಿಯಬೇಕು.

ಮುಂದಿನದು ಒಪ್ಪಿಸುವ ಪುಸ್ತಕ. 200 ಪುಟದ ಒಂದು ಉದ್ದನೆಯ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆದದ್ದು ನಮ್ಮ ಜೊತೆಗೇ ಹೋಗಿಬಿಡುತ್ತದೆ, ಪುಸ್ತಕ ಚರ್ಚಿನ ಕಪಾಟಿನಲ್ಲಿ ಉಳಿಯುತ್ತದೆ. ಒಂದೊಂದು ಕೆಲಸಕ್ಕೆ ಎದುರುಬದುರಾಗಿ ಎರಡು ಪುಟ: ಎಡಕ್ಕೆ ಕೆಲಸ ಈಗ ಎಲ್ಲಿ ನಿಂತಿದೆ ಎಂಬುದು, ಬಲಕ್ಕೆ ಇನ್ನು ಮುಂದೆ ನೋಡಿಕೊಳ್ಳುವವರ ಹೆಸರು ಮತ್ತು ಅವರ ಸಹಿ. ಹೆಸರಿನ ಜಾಗದಲ್ಲಿ “ಯುವಜನರು”, “ಸ್ತ್ರೀಯರ ಸಂಘ” ಎಂದು ಬರೆದರೆ ಉಪಯೋಗವಿಲ್ಲ. ಎಲ್ಲರದೂ ಆದ ಕೆಲಸ ಜೂನ್ ಎರಡನೇ ವಾರಕ್ಕೆ ಯಾರದೂ ಆಗಿರುವುದಿಲ್ಲ. ಒಬ್ಬರ ಹೆಸರು ಬೇಕು, ಮತ್ತು ಅವರು ನಾವಿರುವಾಗಲೇ ಎರಡು ಭಾನುವಾರ ಆ ಕೆಲಸ ಮಾಡಿರಬೇಕು. ಆ ಎರಡು ಭಾನುವಾರ ನಾವು ಹಿಂದಿನ ಸಾಲಿನಲ್ಲಿ ಕೂತು ಬಾಯಿ ಮುಚ್ಚಿಕೊಂಡಿರಬೇಕು. ಇದು ಬರೆದಷ್ಟು ಸುಲಭವಲ್ಲ.

ಭಾನುವಾರ ಶಾಲೆಯ ಪುಟದಲ್ಲಿ ಬರೆಯಬೇಕಾದದ್ದು: ಯಾವ ತರಗತಿ ಯಾವ ಪಾಠಕ್ಕೆ ನಿಂತಿದೆ, ಯಾವ ಮಗುವಿಗೆ ಓದಲು ಇನ್ನೂ ಬಾರದು, ಯಾರನ್ನು ಯಾರ ಪಕ್ಕ ಕೂರಿಸಬಾರದು, ಬಣ್ಣದ ಪೆನ್ಸಿಲ್ಲಿನ ಡಬ್ಬಿ ಎಲ್ಲಿದೆ. ಹೊಸದಾಗಿ ಕಲಿಸಿದ ಹಾಡುಗಳಿದ್ದರೆ ಹಾಡಿನ ಪುಸ್ತಕದ ಸಂಖ್ಯೆಯ ಜೊತೆಗೆ ಹಾರ್ಮೋನಿಯಂನಲ್ಲಿ ಯಾವ ಮನೆಯಿಂದ ಎತ್ತಿಕೊಂಡಿದ್ದೆವು ಎಂಬುದನ್ನೂ ಬರೆದಿಡಿ. ಮುಂದಿನವರು ಒಂದು ಮನೆ ಮೇಲಿಂದ ಶುರುಮಾಡಿದರೆ ಚಿಕ್ಕ ಮಕ್ಕಳ ದನಿ ಚರಣಕ್ಕೆ ಬರುವಷ್ಟರಲ್ಲಿ ಬಿದ್ದುಹೋಗುತ್ತದೆ. ಹಾಸಿಗೆ ಹಿಡಿದವರ ಪುಟದಲ್ಲಿ ಯಾವ ಹೊತ್ತಿಗೆ ಹೋದರೆ ಅವರಿಗೆ ಅನುಕೂಲ, ಕಿವಿ ಕೇಳುತ್ತದೋ ಇಲ್ಲವೋ, ಕೊನೆಯ ಸಲ ಓದಿದ ಬೈಬಲಿನ ಕೀರ್ತನೆ ಯಾವುದು ಎಂಬುದಿರಲಿ.

ಅವರು ನಂಬಿ ಹೇಳಿಕೊಂಡ ಮಾತು ಮಾತ್ರ ಈ ಪುಸ್ತಕಕ್ಕೆ ಬರಬಾರದು. ಗಂಡನ ಕುಡಿತ, ಸಾಲ, ಮಗಳ ಮದುವೆ ಮುರಿದದ್ದು ಇಂಥವು ಸಭಾಪಾಲಕರಿಗೆ ತಿಳಿದಿರಬೇಕು ಎನಿಸಿದರೆ ಮೊದಲು ಆ ವ್ಯಕ್ತಿಯನ್ನೇ ಕೇಳಬೇಕು: “ಇದನ್ನ ಪಾಸ್ಟರ್ ಮುಂದ ಹೇಳ್ಲಿ ಏನ್ರಿ?” ಬೇಡವೆಂದರೆ ಅಲ್ಲಿಗೆ ಮುಗಿಯಿತು. ಒಬ್ಬರ ಜೀವಕ್ಕೋ ಮಗುವಿಗೋ ಅಪಾಯವಿದ್ದರೆ ಮಾತ್ರ ಒಪ್ಪಿಗೆಗೆ ಕಾಯುವಂತಿಲ್ಲ. ಕಾಲೇಜಿನ ವರದಿಗೂ ಇದೇ ಮಾತು. ಹೆಸರು ಬದಲಿಸಿದರೆ ಸಾಲದು, ಸಣ್ಣ ಊರಿನಲ್ಲಿ ಕಸುಬು, ಮಕ್ಕಳ ಸಂಖ್ಯೆ ಇಷ್ಟು ಬರೆದರೂ ಗುರುತು ಹತ್ತಿಬಿಡುತ್ತದೆ.

ರೊಕ್ಕದ ವಿಷಯಕ್ಕೆ ಬರೋಣ, ಮನಸ್ಸು ಮುರಿಯುವುದು ಹೆಚ್ಚಾಗಿ ಇಲ್ಲೇ. ವಿಬಿಎಸ್‌ಗೆಂದು ಮುಂಗಡ ತೆಗೆದುಕೊಂಡಿದ್ದರೆ ಪ್ರತಿ ಬಿಲ್ಲನ್ನು ಎ4 ಹಾಳೆಗೆ ಅಂಟಿಸಿ, ಕೆಳಗೆ ಯಾಕೆ ಖರ್ಚಾಯಿತು ಎಂದು ಒಂದು ಸಾಲು ಬರೆಯಬೇಕು. ಸಂತೆಯಲ್ಲಿ ಬಾಳೆಹಣ್ಣು, ಚುರುಮರಿ ಕೊಂಡರೆ ಬಿಲ್ ಸಿಗುವುದಿಲ್ಲ. ಅಂಥದಕ್ಕೆ ಅದೇ ದಿನ ವೋಚರ್ ಬರೆದು, ಜೊತೆಗಿದ್ದ ಶಿಕ್ಷಕರೊಬ್ಬರ ಸಹಿ ಹಾಕಿಸಬೇಕು. ತಿಂಗಳ ಕೊನೆಗೆ ನೆನಪಿನಿಂದ ಬರೆದ ವೋಚರನ್ನು ಖಜಾಂಚಿ ಒಪ್ಪಿದರೂ ಸಮಿತಿಯಲ್ಲಿ ಒಬ್ಬರಾದರೂ ಕೆದಕುತ್ತಾರೆ, ಕೆದಕುವುದು ಸರಿಯೂ ಹೌದು. 2 ಕೊರಿಂಥ 8:20–21ರಲ್ಲಿ ಪೌಲನು ಧರ್ಮಕಾರ್ಯದ ಹಣದ ಬಗ್ಗೆ ಹೇಳುವುದೂ ಇದನ್ನೇ: ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲೂ ನೆಟ್ಟಗಿರಬೇಕು. ಉಳಿದ ಹಣವನ್ನು ಕೊನೆಯ ಭಾನುವಾರಕ್ಕಿಂತ ಒಂದು ವಾರ ಮೊದಲೇ ಕೊಟ್ಟು ರಸೀದಿ ಪಡೆಯಿರಿ. ಕೊನೆಯ ಭಾನುವಾರದ ಗದ್ದಲದಲ್ಲಿ ಯಾರೂ ರಸೀದಿ ಪುಸ್ತಕ ಹುಡುಕುವುದಿಲ್ಲ.

ಮನೆಭೇಟಿಯಲ್ಲಿ ಕೈಗೆ ಬರುವ ಲಕೋಟೆಗಳದು ಬೇರೆ ಸಂಗತಿ. 101, 501 ಎಂದು ಒಂದು ರೂಪಾಯಿ ಸೇರಿಸಿ ಕೊಡುತ್ತಾರೆ. ತೆಗೆದುಕೊಳ್ಳುವಾಗಲೇ, ಎಲ್ಲರೆದುರಿಗೇ ಕೇಳಿಬಿಡಿ: “ಇದು ನನಗ ಕೊಟ್ಟಿದ್ದೋ, ಸಭಾಕ್ಕ ಕಾಣಿಕೆಯೋ?” ಕಾಣಿಕೆಯಾದರೆ ರಸೀದಿ ತಲುಪಿಸಬೇಕು. ನಿಮಗೇ ಎಂದರೆ ಸಂಕೋಚವಿಲ್ಲದೆ ಇಟ್ಟುಕೊಳ್ಳಬಹುದು, ಆದರೂ ಸಭಾಪಾಲಕರಿಗೆ ತಿಳಿದಿರಲಿ. ಇನ್ನು ನಮ್ಮ ಕಡೆಯ ಉದ್ರಿ: ಕಿರಾಣಿ ಅಂಗಡಿ, ಚಹಾದಂಗಡಿ, ಇಸ್ತ್ರಿಯವ, ಝೆರಾಕ್ಸ್ ಅಂಗಡಿ. ನಾವು ಮರೆತ 40 ರೂಪಾಯಿಯನ್ನು ಅಂಗಡಿಯವನು ನಮ್ಮ ಹೆಸರಿಗೆ ಬರೆದುಕೊಳ್ಳುವುದಿಲ್ಲ, “ಚರ್ಚಿನವರು” ಎಂದು ಬರೆದುಕೊಳ್ಳುತ್ತಾನೆ.

ವಾಟ್ಸ್ಯಾಪ್ ಗುಂಪುಗಳಿಗೆ ಊರಿನವರೇ ಇಬ್ಬರನ್ನು ಅಡ್ಮಿನ್ ಮಾಡಿ, ಹೊರಟ ವಾರದಲ್ಲಿ ಹೊರಬಂದುಬಿಡಬೇಕು. ಮಕ್ಕಳ ಫೋಟೋಗಳನ್ನು ತಂದೆತಾಯಿಯ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಾಕಬಾರದು. ಹಳ್ಳಿಯ ಪ್ರಾರ್ಥನಾ ಕೂಟದ ಫೋಟೋವನ್ನು ಊರಿನ ಹೆಸರು ಸಮೇತ ಹಾಕಿದರೆ ನಮಗೆ ಲೈಕ್ ಸಿಗುತ್ತದೆ, ಅಲ್ಲೇ ಬಾಳುವವರಿಗೆ ತಲೆಬೇನೆ.

ವಿದಾಯದ ಮನೆಭೇಟಿಗೆ ಹಾಳೆಯ ಮೇಲೆ ಮೊದಲೇ ದಾರಿ ಹಾಕಿಕೊಂಡೆ. 1851ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಕಾಲಿಟ್ಟ ಗುಳೇದಗುಡ್ಡದಂಥ ಹಳೆಯ ಕ್ರೈಸ್ತ ನೆಲೆಗಳಲ್ಲಿ ಮನೆಗಳು ಒತ್ತಿಗೆ ಒತ್ತಾಗಿರುತ್ತವೆ, ಒಂದು ಸಂಜೆಗೆ ಐದಾರು ಮನೆ ಆಗುತ್ತದೆ. ಆದರೆ ಒಂದು ಮನೆ ಬಿಟ್ಟರೂ ಎದುರಿನ ಕಟ್ಟೆಯಲ್ಲಿ ಕೂತವರಿಗೆ ಕಾಣುತ್ತದೆ. ಬಾಗಲಕೋಟೆಯ ನವನಗರದಲ್ಲಿ ಸಭೆಯವರು ಬೇರೆ ಬೇರೆ ಸೆಕ್ಟರುಗಳಲ್ಲಿ ಹಂಚಿಹೋಗಿದ್ದಾರೆ. ಅಲ್ಲಿ ಸೆಕ್ಟರಿಗೊಂದು ಸಂಜೆ ಎಂದು ಗೊತ್ತುಮಾಡಿ, ಯಾರಾದರೂ ಬೈಕಿನವರನ್ನು ಜೊತೆ ಮಾಡಿಕೊಳ್ಳಬೇಕು. ಕಾಯಿಲೆಯವರು, ಒಂಟಿ ಮುದುಕಿಯರು, ವಿಧವೆಯರ ಮನೆ ಮೊದಲು. ಸಮಿತಿಯವರ ಮನೆ ಕೊನೆಗೆ. ದಿನ ಕಡಿಮೆಬಿದ್ದರೆ ಸಮಿತಿಯವರನ್ನು ಚರ್ಚಿನಲ್ಲೇ ಕಾಣಬಹುದು, ಹಾಸಿಗೆ ಹಿಡಿದ ಅಜ್ಜಿಯನ್ನು ಕಾಣಲಾಗದು. ಮನೆಗೆ ಇಪ್ಪತ್ತು ನಿಮಿಷ: ಮಾತು, 121ನೇ ಕೀರ್ತನೆ, ಪ್ರಾರ್ಥನೆ, ಚಹಾ.

“ಮುಂದಿನ ತಿಂಗಳು ಬರ್ತೀನಿ”, “ನಿಮ್ಮ ಮಗನ ಫೀಸಿಗೆ ಯಾರನ್ನಾದರೂ ಕೇಳ್ತೀನಿ” ಎಂಬ ಮಾತು ಅಳುವವರನ್ನು ಕಂಡಾಗ ತಾನಾಗಿ ಬಾಯಿಗೆ ಬರುತ್ತದೆ. ನುಂಗಿಕೊಳ್ಳಬೇಕು. ಮದುವೆ ಮಾಡಿಸಲು, ದೀಕ್ಷಾಸ್ನಾನ ಕೊಡಲು ನೀವೇ ಬನ್ನಿ ಎಂದು ಕರೆದವರಿಗೆ, ಗುರುದೀಕ್ಷೆ ಆಗದವರು ಅವನ್ನು ನಡೆಸುವಂತಿಲ್ಲವೆಂದು ಆಗಲೇ ಹೇಳಿಬಿಡುವುದು ಒಳ್ಳೆಯದು. ಸಭೆಯ ಹೊರಗಿನವರನ್ನೂ ಮರೆಯುವಂತಿಲ್ಲ: ದಿನಾ ಮಜ್ಜಿಗೆ ಕಳಿಸುತ್ತಿದ್ದ ಪಕ್ಕದ ಲಿಂಗಾಯತರ ಮನೆ, ಶಾಲೆಯ ಕೋಣೆ ಬಿಟ್ಟುಕೊಟ್ಟ ಹೆಡ್‌ಮಾಸ್ತರರು.

ಕೊನೆಯ ವಾರ ಎಲ್ಲರೂ ಊಟಕ್ಕೆ ಕರೆಯುತ್ತಾರೆ. ಎಲ್ಲದಕ್ಕೂ ಹ್ಞೂಂ ಅಂದರೆ ಬೇಸಿಗೆಯಲ್ಲಿ ಹೊಟ್ಟೆ ಕೆಡುತ್ತದೆ, ಅದಕ್ಕಿಂತ ಮುಖ್ಯವಾಗಿ ಇಷ್ಟು ದಿನ ಅನ್ನ ಹಾಕಿದ ಮನೆಯ ಒಲೆ ತಣ್ಣಗಾಗುತ್ತದೆ. ಲೂಕ 10:7ರಲ್ಲಿ ಯೇಸು ತನ್ನ ಶಿಷ್ಯರಿಗೆ ಒಂದೇ ಮನೆಯಲ್ಲಿರಿ, ಮನೆಯಿಂದ ಮನೆಗೆ ಹೋಗಬೇಡಿರಿ ಎಂದದ್ದು ಇಂಥ ವಾರಕ್ಕೂ ಸಲ್ಲುತ್ತದೆ. ಮಧ್ಯಾಹ್ನದ ಊಟ ಹೊರಗೆ, ರಾತ್ರಿ ಊಟ ಸದಾ ಮನೆಯಲ್ಲಿ. ಕೊನೆಯ ರಾತ್ರಿ ಮತ್ತು ಕೊನೆಯ ಬೆಳಗು ಯಾರಿಗೂ ಕೊಡುವಂತಿಲ್ಲ. ಕೂಲಿ ಮಾಡುವವರ ಮನೆಗೆ “ರೊಟ್ಟಿ, ಪಲ್ಯ ಸಾಕ್ರಿ ಅಕ್ಕಾರ” ಎಂದು ಮುಂಚಿತವಾಗಿ ಹೇಳದಿದ್ದರೆ ಅವರು ಸಾಲ ಮಾಡಿಯಾದರೂ ಕೋಳಿ ತರುತ್ತಾರೆ.

ಉಳಿದುಕೊಂಡ ಮನೆಯವರಿಗೆ ಏನು ಕೊಡಬೇಕು? ರೊಕ್ಕ ಬೇಡ. “ನಾವೇನ್ ಖಾನಾವಳಿ ಇಟ್ಟೇವೇನು?” ಎಂಬ ಉತ್ತರ ಸಿದ್ಧವಿರುತ್ತದೆ, ಕೇಳಿಸಿಕೊಂಡವರು ತಲೆ ಎತ್ತುವಂತಿಲ್ಲ. ತುಟ್ಟಿ ಸೀರೆಯೂ ಬೇಡ, ವಾರಗಿತ್ತಿಯರ ನಡುವೆ ಹೋಲಿಕೆ ಹುಟ್ಟುತ್ತದೆ. ನಾನು ಗ್ಯಾಸ್ ಸಿಲಿಂಡರ್ ತುಂಬಿಸುವ ದಾರಿ ಹಿಡಿದೆ. ಅವರ ನಂಬರಿನಿಂದಲೇ ಬುಕ್ ಮಾಡಿಸಿ, ತಂದುಕೊಡುವ ಹುಡುಗನಿಗೆ ಬಾಗಿಲಲ್ಲೇ ಹಣ ಕೊಟ್ಟರೆ ವಾದಕ್ಕೆ ಜಾಗವಿರುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಜೂನಿಗೆ ಬೇಕಾಗುವ ನೋಟ್‌ಬುಕ್ಕುಗಳನ್ನು ಕೊಡಬಹುದು. ಒಂದು ಗೆರೆಯೋ ನಾಲ್ಕು ಗೆರೆಯೋ ಎಂದು ಮೊದಲು ಕೇಳಿ, ಇಲ್ಲದಿದ್ದರೆ ಅವು ಲೆಕ್ಕ ಬರೆಯುವ ಪುಸ್ತಕವಾಗುತ್ತವೆ.

ಕೋಣೆಯನ್ನು ಬಂದಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿ ಬಿಡಬೇಕು, ಅದರಲ್ಲೂ ಹೊದ್ದ ಕೌದಿಯನ್ನು ಒಗೆದೇ ಕೊಡಬೇಕು. ಇದನ್ನು ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಂಡರೆ ಕೆಟ್ಟಿರಿ. ಮೊದಲು ನಳಕ್ಕೆ ನೀರು ಬರುವ ದಿನ ನೋಡಿಕೊಳ್ಳಬೇಕು, ಬೇಸಿಗೆಯಲ್ಲಿ ಕೌದಿಗೆಂದು ಕುಡಿಯುವ ನೀರಿನ ಟಾಕಿ ಖಾಲಿ ಮಾಡುವಂತಿಲ್ಲ. ರಾತ್ರಿ ಸಾಬೂನಿನ ಪುಡಿಯಲ್ಲಿ ನೆನೆಹಾಕಿ, ಬೆಳಿಗ್ಗೆ ಕಲ್ಲಿನ ಮೇಲೆ ಹರವಿ ಕಾಲಲ್ಲಿ ತುಳಿಯಬೇಕು. ಹಳೇ ಸೀರೆಗಳನ್ನು ಪದರ ಪದರವಾಗಿ ಹೊಲಿದ ಕೌದಿ ನೆನೆದ ಮೇಲೆ ಒಬ್ಬರಿಂದ ಏಳುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುವಿ ಹಿಂಡಬೇಕು. ಹಗ್ಗದ ಮೇಲೆ ಹಾಕಿದರೆ ಹಗ್ಗ ಜೋತುಬಿದ್ದು ಅಂಚು ಮಣ್ಣಾಗುತ್ತದೆ, ಮಾಳಿಗೆಯ ಮೇಲೆ ಹಾಸುವುದೇ ಸರಿ. ಮಧ್ಯಾಹ್ನಕ್ಕೆ ಮೇಲಿನ ಪದರ ಗರಿಗರಿಯಾದರೂ ಒಳಗೆ ಹಸಿ ಇರುತ್ತದೆ, ಆಗಲೇ ಮಡಚಿದರೆ ಮುಗ್ಗಲು ವಾಸನೆ ಹಿಡಿಯುತ್ತದೆ. ಮಗುಚಿ ಹಾಕಿ ಎರಡು ದಿನದ ಬಿಸಿಲು ಕೊಡಬೇಕು. ಓಣಿಯವರು ಊಟ ಕಳಿಸಿದ ಡಬ್ಬಿಗಳನ್ನೂ ಇದೇ ವಾರ ಹುಡುಕಿ, ಬರಿದೇ ಕೊಡದೆ ಒಂದು ಹಿಡಿ ಸಕ್ಕರೆಯೋ ಬೆಲ್ಲವೋ ಹಾಕಿ ಮರಳಿಸಿ.

ಉಳಿದುಕೊಂಡ ಮನೆಯವರು ಆಹೇರಿ ಎಂದು ಬಟ್ಟೆ ಕೊಟ್ಟರೆ ಬೇಡವೆನ್ನಬಾರದು. ಹೊರಡುವ ಮೊದಲು ಒಂದು ಸಲ ಅದನ್ನು ಹಾಕಿಕೊಂಡು ಅವರ ಕಣ್ಣಿಗೆ ಬೀಳಬೇಕು. ಹೆಣ್ಣುಮಗಳಾಗಿದ್ದರೆ ಕೆಲವು ಕ್ರೈಸ್ತ ಮನೆಗಳಲ್ಲಿ ಅಕ್ಕಿ, ಕೊಬ್ಬರಿ, ಖಣ ಇಟ್ಟು ಉಡಿ ತುಂಬುವುದೂ ಉಂಟು. ಇದು ಸರಿಯೋ ತಪ್ಪೋ ಎಂಬ ಚರ್ಚೆಗೆ ಆ ಹೊಸ್ತಿಲು ಜಾಗವಲ್ಲ.

ಬೀಳ್ಕೊಡುಗೆ ಸಭೆಗೆ ಪಟ್ಟಿ ಎತ್ತುವುದು ಬೇಡವೆಂದು ಕಾರ್ಯದರ್ಶಿಗೆ ಎರಡು ವಾರ ಮೊದಲೇ ಕೇಳಿಕೊಳ್ಳಬೇಕು. ಮೂರು ಜನ ಮಾತಾಡಲಿ, ಒಟ್ಟು ಅರ್ಧ ತಾಸು. ಕೊನೆಯ ಪ್ರಸಂಗ ಆ ಭಾನುವಾರಕ್ಕೆ ಗೊತ್ತಾದ ಪಾಠದ ಮೇಲೆಯೇ ಇರಲಿ. ಎಫೆಸದ ಹಿರಿಯರಿಗೆ ಪೌಲನು ಹೇಳಿದ ವಿದಾಯದ ಮಾತುಗಳನ್ನು, ಅಪೊಸ್ತಲರ ಕೃತ್ಯಗಳು 20ನೇ ಅಧ್ಯಾಯವನ್ನು, ಎತ್ತಿಕೊಳ್ಳುವ ಆಸೆ ಎಲ್ಲ ಇಂಟರ್ನ್‌ಗಳಿಗೂ ಬರುತ್ತದೆ. ಪೌಲನು ಅಲ್ಲಿ ಮೂರು ವರ್ಷ ದುಡಿದಿದ್ದ, ನಾವು ಅಷ್ಟು ದುಡಿದಿಲ್ಲ. ಉತ್ತರದ ಮಾತು ಐದು ನಿಮಿಷ. ಎಲ್ಲರ ಹೆಸರು ಹೇಳಹೊರಟರೆ ಒಂದು ಬಿಟ್ಟೇ ಹೋಗುತ್ತದೆ, ಜನರ ನೆನಪಿನಲ್ಲಿ ಉಳಿಯುವುದು ಆ ಒಂದೇ. ಗಂಟೆ ಬಾರಿಸುವವರು, ಕಸ ಗುಡಿಸುವವರು, ಬೇರೆ ಯಾರೂ ವೇದಿಕೆಯಲ್ಲಿ ನೆನೆಯದವರ ಹೆಸರಷ್ಟೇ ಹೇಳಿ, ಉಳಿದವರನ್ನು ಸಂಘವಾಗಿ ನೆನೆದರೆ ಸಾಕು. ಕೊನೆಗೆ ಬೈಬಲಿನ ಅರಣ್ಯಕಾಂಡ 6ರ ಆಶೀರ್ವಚನವನ್ನು ಸಭಾಪಾಲಕರೇ ಹೇಳಬೇಕು. ನಮ್ಮನ್ನು ಹೇಳಿರೆಂದರೆ, ಗುರುದೀಕ್ಷೆ ಆಗದವರಾದ್ದರಿಂದ 2 ಕೊರಿಂಥದ ಕೊನೆಯ ವಚನವನ್ನು “ನಿಮ್ಮೆಲ್ಲರ” ಎನ್ನದೆ “ನಮ್ಮೆಲ್ಲರ ಸಂಗಡ” ಎಂದು ಹೇಳಿ ಕೂರುವುದು.

ಆರಾಧನೆ ಮುಗಿದ ಕೂಡಲೇ ಹೊರಡಬೇಡಿ, ಜನ ಬಿಸಿಲಲ್ಲಿ ಬಸ್‌ಸ್ಟ್ಯಾಂಡಿನವರೆಗೂ ಬರುತ್ತಾರೆ. ಸೋಮವಾರ ನಸುಕಿಗೆ ಹೊರಟರೆ ಮನೆಯವರಷ್ಟೇ ಇರುತ್ತಾರೆ. ಬುತ್ತಿಯಂತೂ ಬಂದೇ ಬರುತ್ತದೆ. ರೈಲಿನಲ್ಲಿ ಗದಗ ದಾಟಿ ಹುಬ್ಬಳ್ಳಿ, ಅಲ್ಲಿಂದ ಬಸ್ಸಿನಲ್ಲಿ ಕಾಲೇಜಿರುವ ಮಂಗಳೂರು ಎಂದರೆ ಮೊಸರನ್ನ ಮಧ್ಯಾಹ್ನದೊಳಗೆ ಮುಗಿಸಬೇಕು. ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಅಮೀನಗಡದ ಕರದಂಟಿಗೆ ಭಯವಿಲ್ಲ. ಕಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಅಗಲದ ಡಬ್ಬಿಯಲ್ಲಿಟ್ಟು ಚೀಲದ ಮೇಲ್ಗಡೆ ಇಡಬೇಕು. ಕರಾವಳಿಯ ಗಾಳಿಗೆ ಅದು ಮೆತ್ತಗಾಗುತ್ತದೆ, ಹಾಸ್ಟೆಲಿನಲ್ಲಿ ಬೇಗ ಹಂಚಿಬಿಡಿ.

ಮುಟ್ಟಿದ ಕೂಡಲೇ ಒಂದು ಫೋನ್. ಎರಡು ವಾರದೊಳಗೆ ಕಾಗದದ ಮೇಲೆ ಎರಡು ಪತ್ರ: ಸಭೆಯಲ್ಲಿ ಓದಿಸಲು ಒಂದು, ಮನೆಯವರಿಗೆ ಬೇರೆ. ಹೊಸ ಇಂಟರ್ನ್ ಬಂದ ಮೇಲೆ ಮೊದಲ ಮೂರು ತಿಂಗಳು ಆ ಕಡೆಗೆ ಭೇಟಿ ಬೇಡ, ಆಮೇಲೂ ಸಭಾಪಾಲಕರಿಗೆ ತಿಳಿಸದೆ ಬೇಡ. ಹುಡುಗರು ರಾತ್ರಿ ಫೋನ್ ಮಾಡಿ ಸಮಿತಿಯ ಜಗಳ, ಹೊಸಬರ ಹುಳುಕು ಹೇಳತೊಡಗಿದರೆ ಒಂದೇ ಪ್ರಶ್ನೆ ಕೇಳಿ ಮಾತು ಮುಗಿಸುವುದು: “ಪಾಸ್ಟರ್ ಮುಂದ ಹೇಳೀರೇನು?”